ಟೊಂಗಿ ತಗೀರಿ ಅಂದಳು

ಸಿಂಧನೂರಿನ ಬಜಾರಿನಲ್ಲಿ ಸೀರೆ ಅಂಗಡಿ ಇಟ್ಟಿರುವ ವೀರೇಂದ್ರನಿಗೆ ಎಲ್ಲವೂ ಎರಡೂ ಕಡೆ ಸಮ ಇರಬೇಕು. ಅಂಗಡಿಯ ಗಾಜಿನ ಹಿಂದಿನ ಗೊಂಬೆಗೆ ಸೀರೆ ಉಡಿಸಿದರೆ ರಸ್ತೆಗೆ ಇಳಿದು, ಆಟೋದವರ ಬೈಗುಳ ತಿಂದು, ದೂರದಿಂದ ಕಣ್ಣು ಕಿರಿದು ಮಾಡಿ ನೋಡುತ್ತಾನೆ. ಒಂದು ನೆರಿಗೆ ಆಚೀಚೆ ಕಂಡರೂ ಮತ್ತೆ ಮೊದಲಿನಿಂದ. ಇಂಥವನ ಮಾಳಿಗೆಯ ಮೇಲೆಯೇ ಊರಿಗೆಲ್ಲ ಸೊಟ್ಟಗಿನ ಗಿಡವೊಂದು ಬೆಳೆಯಬೇಕೆ?

ಅದು ಜುನಿಪರ್. ಹೆಂಡತಿ ಶಿವರಂಜನಿ ಹೈದರಾಬಾದಿನ ನರ್ಸರಿಯೊಂದರಿಂದ ಬಸ್ಸಿನಲ್ಲಿ ಮಡಿಲ ಮೇಲೆ ಇಟ್ಟುಕೊಂಡು ತಂದದ್ದು. ತಂಪು ಸೀಮೆಯ ಗಿಡವನ್ನು ಈ ಬಿಸಿಲಿಗೆ ತಂದವಳನ್ನು ನೋಡಿ ನಗದವರಿಲ್ಲ. "ಭತ್ತದ ಊರಿಗೆ ಬಂದು ಸೂಜಿ ಎಲಿ ಬೆಳಿತಾಳಂತ," ಎಂದು ಅತ್ತೆ ಬಸವಣ್ಣೆಮ್ಮ ಓಣಿಗೆಲ್ಲ ಹೇಳಿದ್ದಳು. ಮೊದಲ ಬೇಸಿಗೆಯಲ್ಲಿ ಅತ್ತೆಯ ಮಾತೇ ನಿಜವಾಗುವ ಹಾಗಿತ್ತು. ಗಿಡವೆಲ್ಲ ಕಂದಿ ಕೆಂಪಾಯಿತು. ಬುಡದ ಎಡಕ್ಕಿದ್ದ ಒಂದೇ ಒಂದು ಕೊಂಬೆ ಮಾತ್ರ ಹಸಿರು ಕಳೆದುಕೊಳ್ಳಲಿಲ್ಲ. ಶಿವರಂಜನಿ ಹಸಿರು ಬಲೆ ಕಟ್ಟಿಸಿದಳು, ನೀರಿನ ಟ್ಯಾಂಕಿನ ನೆರಳಿಗೆ ಸರಿಸಿದಳು, ಆ ಒಂದು ಕೊಂಬೆಯನ್ನು ನಂಬಿ ನೀರು ಚಿಮುಕಿಸಿದಳು. ಮಳೆ ಬಂದ ಮೇಲೆ ಉಳಿದ ಕೊಂಬೆಗಳ ತುದಿಯಲ್ಲೂ ಹಸಿರು ಕಂಡಿತು. ಅಂದಿನಿಂದ ಎಡಗಡೆಯ ಆ ಕೊಂಬೆ ಅವಳಿಗೆ ಮನೆಮಗಳ ಲೆಕ್ಕ.

ವೀರೇಂದ್ರನಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. ಕಟ್ಟೆಯ ಮೇಲೆ ಕೂತ ನೆಂಟ ದಾರಿಗೆ ಅಡ್ಡ ಕಾಲು ಚಾಚಿದ ಹಾಗೆ ಅದು ಕುಂಡದ ಅಂಚು ದಾಟಿ ನೀಡಿಕೊಂಡಿತ್ತು. ಮೊಬೈಲಿನಲ್ಲಿ ಅವನು ನೋಡುತ್ತಿದ್ದ ಬೋನ್ಸಾಯ್‌ಗಳು ಹಾಗಿರಲಿಲ್ಲ. ನೆಟ್ಟಗಿನ ಕಾಂಡ, ಎರಡೂ ಬದಿಗೆ ಮೋಡದ ಹಾಗೆ ಹಂತಹಂತದ ಹಸಿರು. ಆರು ವರ್ಷ ಬೆಳೆದ ಗಿಡಕ್ಕೆ ಈ ಚಳಿಗಾಲ ರೂಪ ಕೊಡೋಣ ಎಂದು ಗಂಡಹೆಂಡತಿ ಇಬ್ಬರೂ ಒಪ್ಪಿದ್ದರು. ಯಾವ ರೂಪ ಎಂಬುದರಲ್ಲಿ ಮಾತ್ರ ಜಗಳ.

"ಆ ಟೊಂಗಿ ಹೋದ್ರ ಗಿಡ ಎಷ್ಟು ಚಂದ ಆಗತೈತಿ ನೋಡು," ಎನ್ನುತ್ತಿದ್ದ ಅವನು.

"ಆ ಟೊಂಗಿ ಹೋದ್ರ ಅದು ನನ್ನ ಗಿಡಽ ಅಲ್ರೀ," ಎನ್ನುತ್ತಿದ್ದಳು ಅವಳು. "ಗಿಡ ಆ ಕಡೆ ವಾಲಲಿ. ಗಾಳಿಗೆ ವಾಲಿದಂಗ ಮಾಡೂನು."

ಕತ್ತರಿ ಹಾಕುವ ಮೊದಲು ಕಾಗದದ ಮೇಲೆ ನೋಡುವುದು ಈ ಕೆಲಸದ ಕ್ರಮ. ಗಿಡದ ಮುಖ ಯಾವ ಕಡೆ, ಯಾವ ಕೊಂಬೆ ಇರಬೇಕು, ಯಾವುದನ್ನು ತಂತಿ ಸುತ್ತಿ ಬಗ್ಗಿಸಬೇಕು ಎಂದು ಮೊದಲು ಚಿತ್ರ ಮಾಡಿಕೊಳ್ಳುತ್ತಾರೆ. ಜುನಿಪರಿನಲ್ಲಂತೂ ಈ ಎಚ್ಚರ ಬೇಕೇ ಬೇಕು, ಯಾಕೆಂದರೆ ಹಸಿರೆಲ್ಲ ಕಡಿದುಹೋದ ಹಳೆಯ ಕೊಂಬೆ ಮತ್ತೆ ಚಿಗುರುವುದಿಲ್ಲ. ಇದು ವೀರೇಂದ್ರನಿಗೆ ಚೆನ್ನಾಗಿ ಗೊತ್ತಿತ್ತು. ಹೆಂಡತಿಗೆ ಅದನ್ನು ಹೇಳಿಕೊಟ್ಟವನೇ ಅವನು.

ಅಷ್ಟರಲ್ಲಿ ಶಿವರಂಜನಿಯ ತಂಗಿ ಅಶ್ವಿನಿಗೆ ದಿನ ತುಂಬಿ, ಬಾಣಂತನಕ್ಕೆಂದು ಇವಳು ಲಿಂಗಸೂಗೂರಿನ ತವರಿಗೆ ಹೋದಳು. ಚಳಿ ಕಳೆಯುತ್ತ ಬಂದಿತ್ತು. ಗಿಡದ ಚಿಂತೆ ಅವಳಿಗೆ ಅಲ್ಲೂ ಬಿಡಲಿಲ್ಲ. ಒಂದು ಭಾನುವಾರ ಕೂಸು ಅಳುವ ಸದ್ದಿನ ನಡುವೆಯೇ ಗಂಡನಿಗೆ ಮೊಬೈಲಿನಲ್ಲಿ ಮಾತು ತುಂಬಿ ಕಳಿಸಿದಳು: "ಏನ್ರೀ, ಗಿಡದ್ದು ಶುರು ಮಾಡ್ರಿ. ಮೊದಲ ಆ ಎಡಗಡೆ ಟೊಂಗಿ ಚಂದಂಗ ತಗೀರಿ. ಉಳಿದದ್ದು ನಾ ಬಂದ ಮ್ಯಾಲ ನೋಡೂನು."

ಈ ಸೀಮೆಯಲ್ಲಿ ಚಿತ್ರ ಬರೆಯುವುದಿಲ್ಲ, ತೆಗೆಯುತ್ತಾರೆ. ರಂಗೋಲಿಯನ್ನೂ ತೆಗೆಯುತ್ತಾರೆ. ಹೊಲದ ಕಸವನ್ನೂ ತೆಗೆಯುತ್ತಾರೆ, ಕಪಾಟಿನ ಸೀರೆಯನ್ನೂ ತೆಗೆಯುತ್ತಾರೆ. ಒಂದೇ ಮಾತು, ಹೇಳುವ ಜಾಗದಲ್ಲಿ ಅದರ ಅರ್ಥ. ಮಾಳಿಗೆಯ ಮೇಲೆ ಕೂತ ವೀರೇಂದ್ರನ ತೊಡೆಯ ಮೇಲೆ ಕಾಗದವಿತ್ತು, ಕೈಯಲ್ಲಿ ಪೆನ್ಸಿಲ್ ಇತ್ತು. ಹೆಂಡತಿ ಏನು ಹೇಳಿದಳೆಂದು ತಿಳಿಯದಿರಲು ಅವನೇನು ಪರದೇಶಿಯೇ? ಕೇಳಿದ ಕೂಡಲೇ ತಿಳಿಯಿತು. ಎರಡನೇ ಸಲ ಹಾಕಿ ಕೇಳಿದ. ಮೂರನೇ ಸಲ ಕೇಳುವಾಗ ಅವನು ಅರ್ಥ ಹುಡುಕುತ್ತಿರಲಿಲ್ಲ, ನೆಪ ಹುಡುಕುತ್ತಿದ್ದ. ಆ ಮಾತು ಎರಡನ್ನೂ ಹೊರುತ್ತದೆ ಎಂದು ಖಾತ್ರಿಯಾದ ಮೇಲೆ ಪೆನ್ಸಿಲ್ ಕೆಳಗಿಟ್ಟು ಕತ್ತರಿ ಎತ್ತಿಕೊಂಡ.

ಕೊಂಬೆ ಸುಲಭವಾಗಿ ಬಿತ್ತು. ಉಳಿದವಕ್ಕೆ ತಂತಿ ಸುತ್ತಿ, ಎರಡೂ ಬದಿಗೆ ಸಮನಾಗಿ ಬಗ್ಗಿಸಿ, ಮೆಟ್ಟಿಲವರೆಗೆ ಹಿಂದೆ ಸರಿದು ಕಣ್ಣು ಕಿರಿದು ಮಾಡಿ ನೋಡಿದ. ಗಿಡ ಸಮವಾಗಿತ್ತು, ಅಷ್ಟೇ. ಅಂಗಡಿಯ ಗೊಂಬೆಯ ಹಾಗೆ ನಿಂತಿತ್ತು. ಇಷ್ಟು ದಿನ ಅದಕ್ಕೆ ಕಳೆ ಕೊಟ್ಟಿದ್ದು ಆ ಸೊಟ್ಟ ಕೊಂಬೆಯೇ ಎಂದು ಕಡಿದ ಮೇಲೆ ಕಂಡಿತು. ಬಿದ್ದ ಕೊಂಬೆ ಎತ್ತಿ ಗಾಯಕ್ಕೆ ಹಿಡಿದು ನೋಡಿದ. ನಾಚಿಕೆಯಾಗಿ, ಯಾರಾದರೂ ಕಂಡಾರು ಎಂದು ಕೆಳಗಿಟ್ಟ.

ಬಸ್ಸಿನಲ್ಲಿ ಮಸ್ಕಿ ದಾಟಿದ್ದೇನೆ ಎಂದು ಶಿವರಂಜನಿ ಫೋನು ಮಾಡಿದಾಗಿನಿಂದ ಅವನು ಬಾಗಿಲಿಗೂ ಮಾಳಿಗೆಗೂ ಓಡಾಡುತ್ತಿದ್ದ. ಅವಳು ಬಂದವಳೇ ಚೀಲವನ್ನೂ ಇಳಿಸದೆ ಮಾಳಿಗೆ ಹತ್ತಿದಳು. ಹಿಂದೆ ಹೋದ ವೀರೇಂದ್ರನಿಗೆ ಅವಳ ಬೆನ್ನಷ್ಟೇ ಕಂಡಿತು.

"ಏನ್ ಮಾಡಿರ್ರೀ ಇದು?"

"ನೀನಽ ಹೇಳಿದ್ಯಲ್ಲ," ಎಂದ. "ಎಡಗಡೆ ಟೊಂಗಿ ತಗೀರಿ ಅಂದಿ. ತಗದೆ."

ಅವಳು ತಿರುಗಿ ಅವನ ಮುಖ ನೋಡಿದಳು. ಬೈಯಲಿ, ಕೂಗಾಡಲಿ, ಸುಳ್ಳ ಅನ್ನಲಿ ಎಂದು ಅವನು ಕಾದ. ಹನ್ನೊಂದು ವರ್ಷದ ಸಂಸಾರದಲ್ಲಿ ಅವನು ಅವಳಿಗೆ ಸುಳ್ಳು ಹೇಳಿದವನಲ್ಲ. ಆ ಒಳ್ಳೆಯ ಹೆಸರೇ ಈಗ ಅವನ ಕಡೆ ಸಾಕ್ಷಿ ನುಡಿಯಿತು. ಶಿವರಂಜನಿ ಹಣೆ ಹಣೆ ಬಡಿದುಕೊಂಡಳು.

"ಅಯ್ಯ ಶಿವನೇ! ನಾ ಚಿತ್ರ ತಗೀರಿ ಅಂತಂದಿದ್ದು. ಕೂಸು ಅಳಾಕತ್ತಿತ್ತು, ಗಡಿಬಿಡ್ಯಾಗ ಅಷ್ಟಽ ಹೇಳೀನಿ. ತಪ್ಪು ನಂದಽ ಬಿಡ್ರಿ. ನೀವೇನ್ ಮಾಡ್ತೀರಿ ಪಾಪ, ಹೇಳಿದ್ದು ಮಾಡೋರು." ನಗಲು ನೋಡಿದಳು, ಕಣ್ಣು ತುಂಬಿ ಬಂತು. ಕೊಂಬೆಯ ಗಾಯವನ್ನು ಬೆರಳಿನಿಂದ ಸವರಿದಳು.

ಅಲ್ಲೇ ಹೇಳಬಹುದಿತ್ತು. ಬಾಯಿ ತೆರೆದೂ ಇದ್ದ. ಹೊರಗೆ ಬಂದದ್ದು ಮಾತ್ರ, "ಹೋಗ್ಲಿ ಬಿಡು. ಗಿಡಾನಽ ಅಲ್ಲೇನು," ಎಂಬ ದೊಡ್ಡಸ್ತಿಕೆಯ ಮಾತು. ಕ್ಷಮಿಸುವವನ ಗತ್ತು ಬೇರೆ!

ಶಿವರಂಜನಿ ಮನಸ್ಸಿನಲ್ಲಿ ಇಟ್ಟುಕೊಳ್ಳುವವಳಲ್ಲ. ತನ್ನ ಪೆದ್ದುತನದ ಕತೆ ಎಂದು ತಾನೇ ಓಣಿಗೆ ಹೇಳಿದಳು. ಕತೆ ಬಜಾರು ಮುಟ್ಟಿತು. ಖಾಯಂ ಗಿರಾಕಿ ಮಾಸುಂಬಿ ಅಂಗಡಿಗೆ ಬಂದು, "ಆ ಹಸಿರು ಸೀರಿ ತಗೀರಿ ಅಣ್ಣಾರ," ಎಂದವಳು ಬಾಯಿಗೆ ಸೆರಗು ಹಿಡಿದು, "ತಗೀರಿ ಅಂದ್ರ ಕತ್ತರಿ ಹಾಕಬ್ಯಾಡ್ರಿ ಮತ್ತ!" ಎಂದಳು. ಅಂಗಡಿಯೆಲ್ಲ ನಕ್ಕಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆ ಇದೆಯಲ್ಲ, ವೀರೇಂದ್ರನ ಕೈ ಎದುರಿಗಿದ್ದ ಕತ್ತರಿಯನ್ನು ಸೀರೆಯ ಕೆಳಗೆ ಸರಿಸಿತು. ಆದರೂ ಎಲ್ಲರಿಗಿಂತ ಜೋರಾಗಿ ನಕ್ಕವನು ಅವನೇ.

ಬಸವಣ್ಣೆಮ್ಮ ಮಾತ್ರ ನಗಲಿಲ್ಲ. ಅವಳಿಗೆ ಇದು ಸಿಕ್ಕ ಅಸ್ತ್ರ. ಊಟಕ್ಕೆ ಕೂತಾಗ, ನೆಂಟರು ಬಂದಾಗ, ಒಮ್ಮೆ ಸಂತೆಕಲ್ಲೂರಿನ ಬೀಗರ ಎದುರಿಗೇ ಶುರುಮಾಡಿದಳು: "ನನ್ನ ಮಗಾ ಹೇಳಿದಷ್ಟು ಮಾಡಾಂವ. ಹೇಳಾಕಿಗೆ ನಾಲಿಗಿ ನೆಟ್ಟಗಿರಬೇಕಲ್ಲ. ಬಾಯಿ ತುಂಬ ಮಾತು, ಅರ್ಥ ಒಂದಕ್ಕೂ ಇಲ್ಲ. ನಾಳೆ ಕೂದಲ ತಗೀರಿ ಅಂದು ತೆಲಿ ತಗಿಸ್ಯಾಳು!" ಬೀಗರು ನಕ್ಕರು. ಶಿವರಂಜನಿ ತಲೆ ತಗ್ಗಿಸಿ ಸಾರು ಬಡಿಸಿದಳು. ಪಕ್ಕದಲ್ಲೇ ಇದ್ದ ವೀರೇಂದ್ರ ತಾಟಿನಲ್ಲಿದ್ದ ರೊಟ್ಟಿಯನ್ನು ಸಣ್ಣ ಸಣ್ಣದಾಗಿ ಮುರಿಯುತ್ತ ಕೂತ. ಅವ್ವ ಸಾಕು ಎಂಬ ಎರಡು ಮಾತಿಗೆ ಅವನಲ್ಲಿ ಗಂಡಸುತನ ಇರಲಿಲ್ಲ.

ಅದರ ಮರುದಿನದಿಂದ ಹೊಸದೊಂದು ಸುರುವಾಯಿತು.

"ಹಾಲನ್ನು ಒಲೆಯ ಮೇಲಿಂದ ಕೆಳಗೆ ಇಳಿಸಿ," ಎಂದಳು ಶಿವರಂಜನಿ.

ವೀರೇಂದ್ರ ಚೇಷ್ಟೆ ಅಂದುಕೊಂಡು ನಕ್ಕ. ಅವಳೂ ಸ್ವಲ್ಪ ನಕ್ಕಳು. ಆದರೆ ಬಿಡಲಿಲ್ಲ. "ಬಾಗಿಲನ್ನು ಮುಚ್ಚಿ." "ಕಿರಾಣಿ ಅಂಗಡಿಯಿಂದ ತೊಗರಿಬೇಳೆಯನ್ನು ಕೊಂಡು ತನ್ನಿ." ಶಾಲೆಯ ಪುಸ್ತಕದಿಂದ ಕಿತ್ತು ತಂದಂಥ ಮಾತು. ಲಿಂಗಸೂಗೂರಿನ ತಂಗಿಯ ಜೊತೆ ಫೋನಿನಲ್ಲಿದ್ದಾಗ, "ಕೂಸು ಏನ್ ಮಾಡಾಕತ್ತೈತಿ? ಹಾಲು ಕುಡದ್ತೇನು?" ಎಂದು ಹಳ್ಳ ಹರಿದ ಹಾಗೆ ಮಾತಾಡುತ್ತಿದ್ದಳು. ಗಂಡನ ಕಡೆ ತಿರುಗಿದರೆ ಒಂದು ಗಳಿಗೆ ತಡೆದು, ಕಲ್ಲು ಆರಿಸಿದ ಅಕ್ಕಿಯ ಹಾಗೆ ಮಾತು ಆರಿಸುತ್ತಿದ್ದಳು. ಮಾತು ಕಡಿಮೆಯಾದವು. ಅಂಗಡಿಯಿಂದ ಬಂದವನ ಹಿಂದೆ ಹಿಂದೆ ಓಡಾಡಿ ಓಣಿಯ ಸುದ್ದಿ ಹೇಳುತ್ತಿದ್ದವಳು ಈಗ ನೀರು ಕೊಟ್ಟು ಸುಮ್ಮನಾಗುತ್ತಿದ್ದಳು.

"ಯಾಕ ಹಿಂಗ ಮಾತಾಡ್ತಿ?" ಎಂದು ಒಂದು ದಿನ ಕೇಳಿದ.

"ತಪ್ಪು ತಿಳಿಯಬಾರದಲ್ಲ," ಎಂದಳು ಅವಳು. ಅದರಲ್ಲಿ ಕೊಂಕು ಇರಲಿಲ್ಲ. ನಿಜವಾಗಿಯೂ ತನ್ನ ನಾಲಿಗೆಯ ಮೇಲೆ ಅವಳಿಗೆ ನಂಬಿಕೆ ಹೋಗಿತ್ತು. ತಾನು ಕಡಿದದ್ದು ಯಾವುದನ್ನು ಎಂದು ವೀರೇಂದ್ರನಿಗೆ ಆಗ ತಿಳಿಯಿತು.

ಬೇಸಿಗೆ ಏರುವ ಮೊದಲೊಂದು ಸಂಜೆ ಅವಳೇ ಅವನನ್ನು ಮಾಳಿಗೆಗೆ ಕರೆದಳು. ರೈಸ್ ಮಿಲ್ಲಿನ ಹೊಟ್ಟಿನ ಧೂಳನ್ನು ಎಲೆಯ ಮೇಲಿಂದ ತೊಳೆದಿದ್ದಳು. ಗಿಡದ ಹಿಂದನ್ನು ಮುಂದೆ ಮಾಡಿ ಇಟ್ಟಿದ್ದಳು.

"ಗಾಯ ಇನ್ನು ಹಿಂದೆ ಇರುತ್ತದೆ. ಈ ಕಡೆಯನ್ನು ಮುಖ ಮಾಡೋಣ," ಎಂದು ಒಂದು ಕಾಗದ ಚಾಚಿದಳು. ಹೊಸ ರೂಪವನ್ನು ಅವಳೇ ಬರೆದಿದ್ದಳು. ಮೇಲಿನದೊಂದು ಕೊಂಬೆಯನ್ನು ಕೆಳಗೆ ಬಾಗಿಸಿ, ಗಿಡ ಮತ್ತೆ ಸ್ವಲ್ಪ ವಾಲುವ ಹಾಗೆ ಮಾಡಿದ್ದಳು. ಚಂದವಿತ್ತು. ಪ್ರತಿ ಕೊಂಬೆಯ ಪಕ್ಕ ಗುಂಡಗಿನ ಅಕ್ಷರದಲ್ಲಿ ಬರೆದಿತ್ತು: ಇದನ್ನು ಕತ್ತರಿಸಬಾರದು. ಇದನ್ನು ತಂತಿಯಿಂದ ಬಗ್ಗಿಸಬೇಕು. ಇದನ್ನು ಕತ್ತರಿಸಬಾರದು. ಕೆಳಗೆ ಅಡ್ಡಗೆರೆ ಎಳೆದು, ಇದು ಚಿತ್ರ ಮಾತ್ರ.

"ಈಗ ಅರ್ಥವಾಗುತ್ತದೆಯೇ ನೋಡಿ," ಎಂದಳು, ಪರೀಕ್ಷೆಯ ಹಾಳೆ ಕೊಟ್ಟ ಹುಡುಗಿಯಂತೆ.

ಇನ್ನು ಅವನಿಂದ ಆಗಲಿಲ್ಲ.

"ರಂಜನಿ, ನನಗ ತಿಳಿದಿತ್ತು," ಎಂದ. "ಆವತ್ತಽ ತಿಳಿದಿತ್ತು. ಚಿತ್ರ ತಗೀ ಅಂದಿದ್ದು ಅಂತ. ನನಗ ಆ ಟೊಂಗಿ ಬ್ಯಾಡಾಗಿತ್ತು. ಬೇಕಂತಲೇ ಕಡದೆ. ನಿನ್ನ ಮಾತಿನಾಗ ಏನೂ ತಪ್ಪಿರಲಿಲ್ಲ."

ಅವಳು ಕಾಗದ ನೋಡಿದಳು, ಗಿಡ ನೋಡಿದಳು. ಕಾಗದವನ್ನು ನಾಲ್ಕು ಮಡಿಕೆ ಮಾಡಿದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆಡಿದ್ದು ಒಳ್ಳೆಯ ಮಾತಾದರೂ ತಡವಾದರೆ ಅದರ ಗತಿಯೂ ಅಷ್ಟೇ.

"ಗಿಡ ಹೋಗ್ಲಿ," ಎಂದಳು ಕೊನೆಗೆ, ತವರಿನ ಧಾಟಿಯಲ್ಲೇ. "ಬೀಗರ ಮುಂದ ಅತ್ತಿ ನನ್ನ ನಾಲಿಗಿ ನೆಟ್ಟಗಿಲ್ಲ ಅಂದಾಗ, ನೀವು ಅಲ್ಲೇ ಕುಂತಿದ್ರಿ. ಹೌದಲ್ರೀ?"

"ಹೂಂ," ಎಂದ ವೀರೇಂದ್ರ. "ಕುಂತಿದ್ದೆ."

ಅವಳು ತಲೆಯಾಡಿಸಿದಳು. ಬಲೆಯ ಅಂಚು ಇಳಿಬಿಟ್ಟು ಕಟ್ಟಿದಳು, ನೀರಿನ ಚೊಂಬು ಎತ್ತಿಕೊಂಡಳು. ಏನಾದರೂ ಅನ್ನಲಿ ಎಂದು ಅವನು ನಿಂತೇ ಇದ್ದ. ಬೈದರೂ ಸರಿ, ಅವಳ ಹಳೆಯ ಮಾತಿನಲ್ಲಿ ಬೈಯಲಿ ಎಂದು ಮನಸ್ಸು ಅಂಗಲಾಚುತ್ತಿತ್ತು.

ಮೆಟ್ಟಿಲ ಹತ್ತಿರ ಹೋದವಳು ತಿರುಗಿ ನಿಂತಳು. ಈ ಸಲ ಮಾತು ಆರಿಸಲು ತಡೆಯಲಿಲ್ಲ.

"ಕೈಗಳನ್ನು ತೊಳೆದುಕೊಳ್ಳಿ," ಎಂದಳು. "ಊಟಕ್ಕೆ ಬನ್ನಿ."