ಬೇಲಿಯಾಚೆಯ ಧೂಳು

ಗರಗಸದವನು ಮರಕ್ಕೆ ಏಣಿ ಒರಗಿಸುವಷ್ಟರಲ್ಲಿ ಲವೊನ್ ಬೇಲಿಯ ಹತ್ತಿರ ಬಂದು ನಿಂತಿದ್ದಳು. ಆಚೆಗಿದ್ದವನು ಅವಳ ಮಾಜಿ ಗಂಡ ಹರ್ಷೆಲ್, ಸೋಡಚೀಟಿಯಾದ ಮೇಲೆ ಪಕ್ಕದಲ್ಲೇ ಇದ್ದ ತಾಯಿಯ ಮನೆ ಸೇರಿ, ಎರಡನೆಯವಳನ್ನೂ ಅಲ್ಲಿಗೇ ತಂದುಕೊಂಡವನು. ಸ್ಯಾನ್ ಸಾಬಾದಂಥ ಸಣ್ಣ ಊರಿನಲ್ಲಿ ದೂರ ಹೋಗುವುದೆಂದರೆ ಅಷ್ಟೇ.

"ಆ ಪೆಕಾನ್ ಮರ ಕಡಿಸಬೇಡ."

"ಬೇಸಿಗೆ ಪೂರ್ತಿ ಅಂಟು ಸುರಿಸುತ್ತೆ ಕಣೇ. ಹೊಸ ಟ್ರಕ್ಕು ಪಾಕದಲ್ಲಿ ಅದ್ದಿದ ಹಾಗಿರುತ್ತೆ. ಟ್ಯಾಮಿ ಕೇಳಬೇಕಲ್ಲ."

ಎರಡನೆಯವಳು, ಟ್ಯಾಮಿ, ಜಗಲಿಯಿಂದಲೇ ಕೂಗಿದಳು: "ನಿಮ್ಮ ಹಿತ್ತಲಲ್ಲೂ ಒಂದು ಪೀಕ್ಯಾನ್ ಇದೆಯಲ್ಲಾ, ಸಾಲದಾ?"

"ಪೆಕಾನ್ ಅನ್ನಮ್ಮ. ಪೀಕ್ಯಾನು ನಮ್ಮಜ್ಜಿ ಮಂಚದ ಕೆಳಗಿಡ್ತಿದ್ದ ಉಚ್ಚೆ ಡಬ್ಬಿ."

ಗರಗಸದವನು ನಕ್ಕು, ಕೆಮ್ಮಿನಲ್ಲಿ ಮುಚ್ಚಿಕೊಂಡ.

"ನನ್ನ ಮರದ ಗಂಡುಹೂ ಮೊದಲೇ ಉದುರಿಹೋಗುತ್ತೆ ಹರ್ಷೆಲ್. ಹೆಣ್ಣುಹೂ ಬಾಯಿ ಬಿಡೋದು ಆಮೇಲೆ. ಆಗ ನಿನ್ನ ಮರದ ಗಂಡುಹೂವಿನ ಧೂಳು ಬಂದರೇನೇ ಕಾಯಿ."

"ನಿನ್ನ ಥರಾನೇ ಅನ್ನು. ಗಂಡು ಹೊರಟ ಮೇಲೆ ಬಾಗಿಲು ತೆಗೆಯೋದು."

"ನಿಂದು ನಿನ್ನ ಥರ. ಧೂಳೆಲ್ಲ ಪಕ್ಕದ ಮನೆಗೆ."

ಯಾರೂ ನಗಲಿಲ್ಲ. ನದಿದಂಡೆಯ ಕಾಡು ಪೆಕಾನ್ ಮರಗಳು ಮೂರು ಮೈಲಿ ಆಚೆ. ಅಲ್ಲಿಂದ ಗಾಳಿ ಹೊತ್ತು ತರುತ್ತಿದ್ದದ್ದು ಕಣ್ಣುರಿ ಮಾತ್ರ. ನವೆಂಬರ್ ಬಂದರೆ ಲವೊನ್‌ಳ ಪೆಕಾನ್ ಪೈಗೆ, ಆ ಬೀಜ ತುಂಬಿ ಬೇಯಿಸಿದ ಸಿಹಿಗೆ, ಊರು ಅವಳ ಬಾಗಿಲಲ್ಲಿ ಸಾಲು ನಿಲ್ಲುತ್ತಿತ್ತು. ಆ ಒಂದು ತಿಂಗಳು ಅವಳು ಯಾರು ಬಿಟ್ಟ ಹೆಂಡತಿಯೂ ಆಗಿರಲಿಲ್ಲ.

"ನಿನ್ನನ್ನ ಯಾವತ್ತಾದರೂ ಏನಾದರೂ ಕೇಳಿದೀನಾ?" ಎಂದಳು.

ಹರ್ಷೆಲ್ ಜಗಲಿಯತ್ತ ನೋಡಿದ. ಆಮೇಲೆ ಟೋಪಿ ಸರಿಮಾಡಿಕೊಂಡು, "ಶುರು ಮಾಡಪ್ಪಾ" ಎಂದ, ಗರಗಸದವನಿಗೆ.

ಮಧ್ಯಾಹ್ನದ ಹೊತ್ತಿಗೆ ಬೇಲಿಯ ಮೇಲೆ ಆಕಾಶ ಅಸಹ್ಯವಾಗುವಷ್ಟು ಕಾಣಿಸತೊಡಗಿತ್ತು. ಲವೊನ್ ಯಾರನ್ನೂ ಕೇಳದೆ ಆಚೆ ಹೋದಳು. ಬಿದ್ದ ಕೊಂಬೆಗಳಿಂದ, ಇನ್ನೂ ಬಿರಿಯದ ಹಸಿರು ಗಂಡು ಜೋಲುಹೂಗಳನ್ನು ಮಡಿಲ ತುಂಬ ಕಿತ್ತುಕೊಂಡಳು. ಟ್ಯಾಮಿ ಏನೋ ಹೇಳಲು ಬಾಯಿ ತೆರೆದಳು. "ಬಿಡು," ಎಂದ ಹರ್ಷೆಲ್.

ಊಟದ ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿ ಲವೊನ್ ಅವನ್ನು ಹರಡಿದಳು. ಒಂದು ವರ್ಷದ ಫಸಲಿಗೆ ಸಾಕು. ಮುಂದಿನದಕ್ಕೆ ಎಲ್ಲಿಂದ ತರುವುದು? ಬೆಳಿಗ್ಗೆ ಎದ್ದು ನೋಡಿದರೆ ಹೂಗಳು ಬಾಡಿ, ಪತ್ರಿಕೆಯ ಮೇಲೆ ನವುರಾದ ಹಳದಿ ಧೂಳು ಇಳಿದಿತ್ತು. ಅವಳು ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ, ಧೂಳನ್ನು ಸೀಸೆಗೆ ಗುಡಿಸಿಕೊಳ್ಳಲು ಬಣ್ಣ ಬಳಿಯುವ ಸಣ್ಣ ಕುಂಚ ಹಿಡಿದು ಮೇಜಿನ ಮೇಲೆ ಬಗ್ಗಿದಳು, ಉಸಿರು ಬಿಗಿಹಿಡಿದು.