ಕಕ್ಷಿದಾರಳ ಪಾತ್ರ

"ಏಯ್ ಬೇವರ್ಸಿ, ಯಾವಳೇ ಒಳಗೆ? ನಿಮ್ಮಪ್ಪ ಕಟ್ಟಿಸಿದ ಕಕ್ಕಸ್ಸೇನೇ ಇದು?"

ಸೂಪರ್‌ವೈಸರ್ ಬಾಗಿಲು ಒದೆಯುತ್ತಿದ್ದ. ಒಳಗಿದ್ದವಳು ನನ್ನ ಓರಗಿತ್ತಿ, ತುಂಬು ಬಸುರಿ. ಈ ಕಾನೂನು ಕಾಲೇಜಿನ ಕಕ್ಕಸ್ಸುಗಳನ್ನೆಲ್ಲ ತೊಳೆಯುವವರು ನಾವು. ನಾವು ಹೋಗಬೇಕಾದದ್ದು ಮಾತ್ರ ಜನರೇಟರ್ ಹಿಂದಿನ ತಗಡಿನ ಗೂಡಿಗೆ. ಅದರ ಗುಂಡಿ ಕಟ್ಟಿಕೊಂಡು ಎಷ್ಟೋ ಕಾಲವಾಗಿತ್ತು. ಬಸುರಿಗೆ ತಡೆದುಕೊಳ್ಳಲಾಗುತ್ತದೆಯೇ?

ಅವಳು ತಲೆ ತಗ್ಗಿಸಿ ಹೊರಗೆ ಬಂದಳು.

"ಗಲೀಜು ಮಾಡಿದ್ಯಲ್ಲ, ತೊಳಿ. ಎರಡು ಸಲ ತೊಳಿ. ದೊಡ್ಡ ಮನೆ ಮಕ್ಕಳು ಕೂರೋ ಜಾಗ."

ನಾನು ಬ್ರಷ್ಷಿಗೆ ಕೈಹಾಕಿದೆ. "ನೀನಲ್ಲ, ಆ ಮುಂಡೇನೇ ತೊಳೀಲಿ" ಎಂದ. ತಲೆ ಬಾಚಿಕೊಳ್ಳುತ್ತಿದ್ದ ಹುಡುಗಿಯರು ಕನ್ನಡಿಯಲ್ಲೇ ನೋಡಿದರು. ಆ ಹೊಟ್ಟೆ ಹೊತ್ತುಕೊಂಡು ಅವಳು ಬಗ್ಗಿ ತೊಳೆದಳು. ತೊಳೆದು ಮುಗಿದ ಮೇಲೆ ಅವನು, "ನಾಳೆಯಿಂದ ಬರಬೇಡ" ಎಂದ.

ಕೆಲಸವಿದ್ದರೆ ಆಸ್ಪತ್ರೆಯ ಕಾರ್ಡು, ಕಾರ್ಡಿದ್ದರೆ ಆಸ್ಪತ್ರೆಯಲ್ಲಿ ಹೆರಿಗೆ. ಅವಳ ಮೊದಲ ಮಗು ಮನೆಯಲ್ಲೇ ಹುಟ್ಟಿ ಮನೆಯಲ್ಲೇ ಹೋಗಿತ್ತು. ಅದನ್ನು ಬಟ್ಟೆಯಲ್ಲಿ ಸುತ್ತಿದವಳು ನಾನು. ನನ್ನ ಅಳು ಅಲ್ಲಿಗೇ ಮುಗಿದಿರಬೇಕು, ಆಮೇಲೆ ಯಾವುದಕ್ಕೂ ಬಂದಿಲ್ಲ.

ಕಾಲೇಜಿನ ಕೆಳಗಿನ ಅಂತಸ್ತಿನಲ್ಲಿ ಒಂದು ಕೋಣೆ ಇದೆ. ಅಲ್ಲಿ ಬಡವರಿಗೆ ಪುಕ್ಕಟೆಯಾಗಿ ಕಾನೂನು ಹೇಳುತ್ತಾರೆ. ಹೇಳುವವರು ಓದುವ ಹುಡುಗರು, ಅವರನ್ನು ನೋಡಿಕೊಳ್ಳಲು ಒಬ್ಬರು ಮೇಡಂ. ಗಂಡನಿಂದ ಏಟು ತಿಂದವರು, ಬೀದಿಗೆ ಬಿದ್ದವರು ದಿನವೂ ಬರುತ್ತಾರೆ. ಅವರ ಕಾಲಿನ ಮಣ್ಣು ಒರೆಸುವವಳು ನಾನು. ಮಧ್ಯಾಹ್ನ ಬಕೆಟ್ಟು ಹೊರಗಿಟ್ಟು ಒಳಗೆ ಹೋದೆ. ಮೇಡಂ ಪೂರ್ತಿ ಕೇಳಿದರು. ಕೆಟ್ಟವರಲ್ಲ.

"ಪಾಪ ಕಣಮ್ಮ. ಆದ್ರೆ ಇದು ಹೊರಗಿನೋರಿಗೆ ಇರೋದು. ನಮ್ಮ ಕಾಲೇಜಿನ ವಿರುದ್ಧ ನಾವೇ ಹೇಗೆ ಹೋಗೋದು, ನೀನೇ ಹೇಳು."

"ಹೌದಲ್ವಾ" ಎಂದೆ.

ಬಾಗಿಲ ಹತ್ತಿರ ಬಂದಿದ್ದೆ, ಅವರೇ ಕರೆದರು. "ಒಂದು ಉಪಕಾರ ಮಾಡ್ತೀಯಾ? ಸಾಯಂಕಾಲ ಹುಡುಗ್ರಿಗೆ ಪರೀಕ್ಷೆ. ಕಷ್ಟ ಹೇಳ್ಕೊಳ್ಳೋ ಕಕ್ಷಿದಾರಳ ಥರ ಯಾರಾದ್ರೂ ಕೂರಬೇಕು. ಬರಬೇಕಾದೋಳು ಬಂದಿಲ್ಲ. ಮನೆ ಮಾಲೀಕ ಸಾಮಾನು ಹೊರಗೆ ಹಾಕ್ದ ಅಂತ ಹೇಳು, ಸಾಕು."

ನಮ್ಮಲ್ಲೇ ಹಿರಿಯಳಾದ ಅಜ್ಜಿ ಇದನ್ನು ಕೇಳಿ ನಕ್ಕಳು. "ಊರಿಗೆ ಉಪಕಾರಿ, ಮನೆಗೆ ಮಾರಿ. ಹೋಗೇ, ಕುರ್ಚಿ ಮೇಲಾದ್ರೂ ಕೂತು ಬಾ."

ಕೂತೆ. ಎದುರಿಗೆ ಜುಟ್ಟಿನ ಹುಡುಗಿ, ಪಕ್ಕದಲ್ಲಿ ಕನ್ನಡಕದ ಹುಡುಗ, ಹಿಂದೆ ಅಂಕ ಹಾಕಲು ಮೇಡಂ, ಸುತ್ತ ಉಳಿದ ಹುಡುಗರು. "ನೀರು ಬೇಕಾ ಅಮ್ಮ?" ಎಂದಳು ಹುಡುಗಿ. ಈ ಕಟ್ಟಡದಲ್ಲಿ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಮಾಲೀಕನ ಕಥೆ ಬಾಯಿಗೆ ಬರಲಿಲ್ಲ, ಓರಗಿತ್ತಿಯದೇ ಬಂತು. ಬಾಗಿಲು ಒದ್ದದ್ದು, ಎರಡು ಸಲ ತೊಳೆಸಿದ್ದು, ಕಾರ್ಡು, ಎಲ್ಲವನ್ನೂ ಒಂದೇ ದನಿಯಲ್ಲಿ ಹೇಳಿದೆ. ಯಾವ ಕಟ್ಟಡ ಎಂದು ಮಾತ್ರ ಹೇಳಲಿಲ್ಲ.

"ಬರವಣಿಗೇಲಿ ಏನಾದ್ರೂ ಕೊಟ್ರಾ?" ಹುಡುಗ ಕೇಳಿದ.

"ಬಾಯಲ್ಲೇ ಬೈದ್ರು."

"ಹಾಗಾದ್ರೆ ಅವ್ರ ಕೆಲಸ ಹೋಗಿಲ್ಲ" ಎಂದಳು ಹುಡುಗಿ. ಅವಳ ಕಣ್ಣು ಹೊಳೆಯುತ್ತಿತ್ತು. "ಬಸುರೀನ ಹಾಗೆಲ್ಲ ತೆಗೆಯೋಕಾಗಲ್ಲ. ಆದ್ರೆ ಅವ್ರು ಮನೇಲಿ ಕೂತ್ರೆ, ತಾನೇ ಬಿಟ್ಟು ಹೋದ್ಲು ಅಂತಾರೆ. ನಾಳೇನೇ ಹೋಗ್ಬೇಕು. ಒಬ್ರೇ ಬೇಡ, ಎಲ್ಲಾರೂ ಜೊತೆಗೆ ಹೋಗಿ. ಒಳಗೆ ಬಿಡದಿದ್ರೆ ಗೇಟಲ್ಲೇ ಕೂತ್ಕೊಳ್ಳಿ. ಏಳಬೇಡಿ."

ಚಪ್ಪಾಳೆ ಬಿತ್ತು. ಹುಡುಗರು ಹೊರಟ ಮೇಲೆ ಮೇಡಂ ನನ್ನ ಭುಜ ತಟ್ಟಿದರು.

"ಕಥೆ ಬದಲಾಯಿಸಿಬಿಟ್ಟೆ, ಕಳ್ಳಿ. ಪರವಾಗಿಲ್ಲ, ಚೆನ್ನಾಗಿ ಮಾಡಿದೆ. ಒಂಚೂರು ಅತ್ತಿದ್ರೆ ನಿಜ ಅನ್ನಿಸ್ತಿತ್ತು."

ನಾನು ಎದ್ದು ಕುರ್ಚಿ ಒರೆಸಿದೆ.

ಬೆಳಿಗ್ಗೆ ಕಸ ಗುಡಿಸುವವರೆಲ್ಲ ಓರಗಿತ್ತಿಯನ್ನು ನಡುವೆ ಇಟ್ಟುಕೊಂಡು ಬಂದೆವು. ವಾಚ್‌ಮನ್ ಅವಳೊಬ್ಬಳನ್ನು ತಡೆದ. ನಾವೆಲ್ಲ ಗೇಟಿಗೆ ಅಡ್ಡವಾಗಿ ಕೂತೆವು. ಸೂಪರ್‌ವೈಸರ್ ನಮ್ಮ ತಾಯಂದಿರನ್ನೆಲ್ಲ ಬಾಯಿಗೆ ಎಳೆದುಕೊಂಡ. ಬೈಗುಳ ನಮಗೇನು ಹೊಸದೇ? ಅದು ಮೈಮೇಲಿನ ಧೂಳು. ಕಾರುಗಳು ಸಾಲಾಗಿ ನಿಂತವು. ಜುಟ್ಟಿನ ಹುಡುಗಿ ನಡೆದುಬಂದವಳು ನನ್ನನ್ನು ಕಂಡಳು, ಆ ಹೊಟ್ಟೆಯನ್ನು ಕಂಡಳು. ಅವಳ ಮುಖ ಬಿಳಿಚಿಕೊಂಡಿತು. ಪಕ್ಕದ ಸಣ್ಣ ಗೇಟಿನಿಂದ ಒಳಗೆ ಹೋಗಿಬಿಟ್ಟಳು.

ಮೇಡಂ ಕಾರಿನಿಂದ ಇಳಿದರು. "ಇದನ್ನೆಲ್ಲ ಯಾರಮ್ಮ ನಿಮಗೆ ಹೇಳ್ಕೊಟ್ಟಿದ್ದು?"

"ನಿಮ್ಮ ಕೋಣೇಲೇ, ಮೇಡಂ. ನೀವೇ ಅಂಕ ಹಾಕಿದ್ರಿ."

ಅವರು ಹೋಗಿ ಕಾರಿನಲ್ಲಿ ಕೂತು ಗಾಜು ಏರಿಸಿಕೊಂಡರು.

ಬಿಸಿಲೇರಿತು. ಓರಗಿತ್ತಿ ನನ್ನ ಕೈ ಹಿಡಿದಳು. "ಅಕ್ಕ, ಒಂದಕ್ಕೆ ಹೋಗ್ಬೇಕು, ಇನ್ನು ತಡೆಯೋಕಾಗಲ್ಲ." ವಾಚ್‌ಮನ್ನನ ಮುಖ ನೋಡಿದೆ. ಅವನು ಸೂಪರ್‌ವೈಸರ್‌ನ ಮುಖ ನೋಡಿದ. ಸೂಪರ್‌ವೈಸರ್ ಬೇಡವೆಂದು ತಲೆಯಾಡಿಸಿದ.

"ಇಲ್ಲೇ ಕೂರೇ" ಎಂದಳು ಅಜ್ಜಿ.

ನಾವು ಸೀರೆಯ ಮೇಲೆ ತೊಟ್ಟ ಕೆಲಸದ ಕೋಟು ಬಿಚ್ಚಿ ಹಿಡಿದು, ಅವಳಿಗೆ ಬೆನ್ನು ತಿರುಗಿಸಿ ಸುತ್ತ ನಿಂತೆವು. ದೊಡ್ಡ ಗೇಟಿನ ನಟ್ಟನಡುವೆ ಅವಳು ಕೂತಳು. ಹಾರನ್ನುಗಳು ನಿಂತವು. ನೀರು ನಮ್ಮ ಕಾಲುಗಳ ನಡುವಿನಿಂದ ಹರಿದು ಕಾರಿನ ಚಕ್ರದವರೆಗೆ ಹೋಯಿತು.

"ಥೂ! ಇದನ್ನ ಯಾವಳೇ ತೊಳೀತಾಳೆ ಈಗ?" ಸೂಪರ್‌ವೈಸರ್ ಕಿರುಚಿದ.

ನಾವು ಕೋಟು ತೊಟ್ಟುಕೊಂಡು ಮತ್ತೆ ಅಲ್ಲೇ ಕೂತೆವು.