ಔರಾದ ಶಾಖೆ ಬಂದ್ ಆದ ದಿನ

ವೇದಿಕೆಯ ಮೇಲೆ ನಿಂತ ಮಚ್ಛೇಂದ್ರನಿಗೆ ಮೂರನೆಯ ಪಾಠ ನೆನಪಾಗಲಿಲ್ಲ. ಮೊದಲನೆಯದು, ಊಟದ ಹೊತ್ತಿನಲ್ಲಿ ಗ್ರಾಹಕರ ಮನೆಗೆ ಹೋಗಬೇಡಿ. ಎರಡನೆಯದು, ಕಹಿ ಸುದ್ದಿಯನ್ನು ನೀವೇ ಬಾಯಿಬಿಟ್ಟು ಹೇಳಿ. ಬೀದರಿನ ಹೋಟೆಲಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದವರು ಪೆನ್ನು ಹಿಡಿದು ಕಾಯುತ್ತಿದ್ದರು.

"ಮೂರನೆಯದನ್ನು ನೀವೇ ಕಂಡುಕೊಳ್ಳಬೇಕು," ಎಂದ. ಚಪ್ಪಾಳೆ ಬಿತ್ತು. ಅದನ್ನೂ ಬರೆದುಕೊಂಡರು.

ಅವನು ಫೈನಾನ್ಸ್ ಕಂಪನಿಯ ವಲಯ ಮುಖ್ಯಸ್ಥ. ಕಾರು ಔರಾದಿನ ದಾರಿ ಹಿಡಿದಾಗ ಕಿಸೆಯಲ್ಲಿದ್ದ ಪತ್ರವನ್ನು ಮುಟ್ಟಿ ನೋಡಿಕೊಂಡ. ಬರದ ಎರಡನೆಯ ವರ್ಷ. ಗ್ರಾಹಕರೆಲ್ಲ ಕೂಲಿ ಹುಡುಕಿ ಪುಣೆ, ಹೈದರಾಬಾದ್ ಸೇರಿದ್ದರು. ಔರಾದ ಶಾಖೆ ಇವತ್ತಿಗೆ ಬಂದ್. ಮ್ಯಾನೇಜರ್ ಶಾಲುಬಾಯಿಗೆ ಬೇರೆಲ್ಲೂ ಜಾಗವಿಲ್ಲ. ಅವನು ಹೊಸದಾಗಿ ಕೆಲಸಕ್ಕೆ ಸೇರಿದಾಗ ಭಾಲ್ಕಿ ಶಾಖೆಯಲ್ಲಿ ಸಾಲದ ಅರ್ಜಿ ತುಂಬುವುದನ್ನು ಕಲಿಸಿದವಳು ಅವಳೇ.

"ಬರ್ರಿ ಸರ್," ಎಂದಳು ಶಾಲುಬಾಯಿ, ಶಾಖೆಯ ಬಾಗಿಲಲ್ಲಿ. ಆಗ 'ಏ ಮಚ್ಛಿಂದ್ರಾ' ಅನ್ನುತ್ತಿದ್ದಳು.

"ಹ್ಯಾಂಗ ನಡದದರಿ ಬಾಯಿ?"

"ಮಂದೀನೇ ಇಲ್ಲ, ಏನ್ ನಡೀತದರಿ? ನಿಮ್ಮ ಭಾಷಣ ಫೋನಿನಾಗ ನೋಡ್ದೆ. ಕಹಿ ಸುದ್ದಿ ಬಾಯಿಬಿಟ್ಟು ಹೇಳಬೇಕಂತ."

ಅವನು ನಕ್ಕ. "ಚಹಾ ಸಿಗ್ತದೇನ್ರಿ?"

"ಹಾಲಿಲ್ಲ. ಕರೀ ಚಹಾ ಕುಡೀತೀರಿ?"

ಕುಡಿದ. ಬಿಸಿಲಿನ ಬಗ್ಗೆ, ಕಮಲನಗರದ ರಸ್ತೆಯ ಬಗ್ಗೆ ಮಾತಾಡಿದ. ಕೊನೆಗೆ ಪತ್ರವನ್ನು ಬಸಿಯ ಕೆಳಗೆ ಸರಿಸಿ ಎದ್ದ. "ಹೆಡ್ಡಾಫೀಸಿಂದ ಬಂದದ. ಆಮ್ಯಾಲೆ ಓದ್ರಿ."

ಅವಳು ಅಲ್ಲೇ ಬಿಚ್ಚಿ ಓದಿದಳು. "ಸಹಿ ನಿಮ್ಮದೇ ಅದಲ್ಲರಿ?"

"ನನ್ನ ಕೈಯಾಗ ಏನಿಲ್ಲ ಬಾಯಿ."

"ಹಂಗಾದ್ರ ಇದನ್ನ ಹಿಡೀರಿ."

ತಿಜೋರಿಯಿಂದ ಬಿಸ್ಕಿಟಿನ ತಗಡಿನ ಡಬ್ಬಿ ತೆಗೆದು ಕೊಟ್ಟಳು. ತುಂಬ ಚಾವಿಗಳು. ಒಂದೊಂದಕ್ಕೂ ಬಟ್ಟೆಯ ಚಿಂದಿ, ಮೇಲೆ ಹೆಸರು: ಚಿಂತಾಕಿ ಈರಮ್ಮ, ಗೋರಖನಾಥ, ಮಹಮೂದಾ ಬೇಗಂ.

"ಊರು ಬಿಡುವಾಗ ಮನಿ ಚಾವಿ ಇಲ್ಲಿಟ್ಟು ಹೋದ್ರು. ಕಂಪನಿ ಎಲ್ಲಿ ಹೋಗ್ತದ ಅಂದ್ರು. ಎಲ್ಲಾರಿಗೂ ಸಿಕ್ಕಾ ಹೊಡದು ಚೀಟಿ ಕೊಟ್ಟೇನಿ." ಮೇಜಿನ ಮೇಲಿದ್ದ ಕಂಪನಿಯ ಮೊಹರು ತೋರಿಸಿದಳು.

"ಮನಿ ಚಾವಿಗೆ ಕಂಪನಿ ಸಿಕ್ಕಾ? ಹುಚ್ಚು ಹಿಡದದೇನ್ರಿ ನಿಮಗ?"

"ಹಿಡದಿತ್ತು. ಈಗ ಬಿಡ್ತು." ಅವಳು ಗೋಡೆಯ ಮೇಲಿನ ಫ್ಯಾನು ಆರಿಸಿದಳು. "ಮಂದಿ ತಿರುಗಿ ಬಂದ್ರ ನಿಮ್ಮ ಹೆಸರು ಹೇಳ್ತೇನಿ."

ಹೊರಗೆ ಡ್ರೈವರ್ ಹುಸೇನ ಬಾಗಿಲು ತೆರೆದ. "ಎತ್ಲಾಗ ಸಾಬ್? ಬೀದರಕ್ಕೇನ್ರಿ?"

"ನಡಿ."

"ಎತ್ಲಾಗ್ರಿ?"

"ನಡಿ ಅಂದೆನಲ್ಲ."

ಕಾರು ಹೊರಟಿತು. ಪ್ರತಿ ತಗ್ಗಿಗೂ ತೊಡೆಯ ಮೇಲಿನ ಡಬ್ಬಿ ಸದ್ದು ಮಾಡಿತು, ಒಳಗೆ ಸಿಕ್ಕಿಬಿದ್ದ ಯಾರೋ ಒಂದೊಂದೇ ಚಾವಿ ಹಾಕಿ ನೋಡುತ್ತಿರುವ ಹಾಗೆ.